ಮೊದಲ ಬೈಕು: ಕಿಸೆಗೂ ಎಟುಕಲಿ, ಕಾಲಿಗೂ ಎಟುಕಲಿ

ತಂಗಿಯ ಫೋನು ಬಂದದ್ದು ಮಗ್ರಿಬ್ ಕಳೆದ ಮೇಲೆ. "ಕಾಕ, ನೀವು ಒಮ್ಮೆ ಇಲ್ಲಿಗೆ ಬನ್ನಿ. ಇವನಲ್ಲಿ ನೀವೇ ಮಾತಾಡ್ಬೇಕು. ನನ್ನ ಮಾತು ಇವನ ಕಿವಿಗೆ ಹೋಗುದಿಲ್ಲ" ಎಂದಳು. ಸ್ವರ ನಡುಗುತ್ತಿತ್ತು. ವಿಷಯ ಎಂತದು ಎಂದು ಕೇಳುವ ಅಗತ್ಯ ಇರಲಿಲ್ಲ. ಮಗನಿಗೆ ಆ ತಿಂಗಳು 18 ತುಂಬಿತ್ತು. ನಮ್ಮ ಊರಲ್ಲಿ ಗಂಡು ಮಕ್ಕಳಿಗೆ 18 ತುಂಬಿದರೆ ಮನೆಯಲ್ಲಿ ಶುರುವಾಗುವ ಮಾತು ಒಂದೇ: ಬೈಕು.

ಹುಡುಗ ಮೊಬೈಲ್‌ನಲ್ಲಿ ಒಂದು ಚಿತ್ರ ತೋರಿಸಿದ. 200 ಸಿಸಿಯ ಸ್ಪೋರ್ಟ್ಸ್ ಬೈಕು. ಮುಂದಕ್ಕೆ ಬಗ್ಗಿ ಕೂರುವಂಥದ್ದು. ರಸ್ತೆಗಿಳಿಯುವಾಗ ಎರಡು ಲಕ್ಷದ ಹತ್ತಿರ ಆಗುತ್ತದೆ. ಸೌದಿಯಲ್ಲಿರುವ ಉಪ್ಪ 75 ಸಾವಿರ ಕಳಿಸಲು ಒಪ್ಪಿದ್ದಾರಂತೆ. "ಬಾಕಿಯದ್ದಕ್ಕೆ ಲೋನ್ ಉಂಟಲ್ಲ ಮಾಮ, ಷೋರೂಂನವರೇ ಮಾಡಿ ಕೊಡ್ತಾರೆ" ಎಂದ. ಒಂದು ಸಲ ತಂಗಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ. ನನ್ನ ಬಲಗಾಲನ್ನು ನೋಡಿದಳು.

ಆ ಕಾಲಿನ ಕತೆ ಆಮೇಲೆ ಹೇಳುತ್ತೇನೆ. ಮೊದಲು ಆ ರಾತ್ರಿ ಶುರುವಾಗಿ ಎರಡು ತಿಂಗಳು ನಾವಿಬ್ಬರೂ ಸೇರಿ ಮಾಡಿದ ಹುಡುಕಾಟದ ವಿಷಯ. ಯಾಕೆಂದರೆ ಈ ಮಾತು ನನ್ನ ತಂಗಿಯ ಮನೆಯದ್ದು ಮಾತ್ರ ಅಲ್ಲ. ಉಳ್ಳಾಲದಿಂದ ಸುರತ್ಕಲ್ ತನಕ, ಫರಂಗಿಪೇಟೆಯಿಂದ ಪುತ್ತೂರಿನ ತನಕ, ಉಪ್ಪ ಗಲ್ಫ್‌ನಲ್ಲಿ ಇರುವ ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೆಯುತ್ತಿರುತ್ತದೆ.

ಲೈಸನ್ಸ್ ಮೊದಲು, ಬೈಕು ಆಮೇಲೆ

ನಾನು ಕೇಳಿದ ಮೊದಲ ಪ್ರಶ್ನೆಗೇ ಹುಡುಗ ತಡವರಿಸಿದ. "ಲೈಸನ್ಸ್ ಉಂಟಾ?" ಉಮ್ಮನ ಸ್ಕೂಟರನ್ನು ಹತ್ತನೆ ಕ್ಲಾಸಿನಿಂದಲೇ ಅಂಗಡಿಗೆ, ಟ್ಯೂಷನ್ನಿಗೆ ಓಡಿಸುತ್ತಿದ್ದಾನೆ. "ಒಳ ರಸ್ತೆಯಲ್ಲಿ ಮಾತ್ರ" ಎಂದು ತಂಗಿ ಅವನ ಪರ ಹೇಳಿದಳು. ಒಳ ರಸ್ತೆಗೆ ಬೇರೆ ಕಾನೂನು ಇಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ 199ಎ ಎಂಬ ಸೆಕ್ಷನ್ ಉಂಟು. 18 ತುಂಬದವರು ಗಾಡಿ ಓಡಿಸಿ ತಪ್ಪು ಮಾಡಿದರೆ ಗಾಡಿಯ ಮಾಲಕರಿಗೆ ಅಥವಾ ಹೆತ್ತವರಿಗೆ 3 ವರ್ಷದ ವರೆಗೆ ಜೈಲು, 25 ಸಾವಿರ ರೂಪಾಯಿ ದಂಡ ಆಗಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ತುಂಬುವ ತನಕ ಲೈಸನ್ಸ್ ಸಿಗುವುದಿಲ್ಲ. ಸ್ಕೂಟರ್ ತಂಗಿಯ ಹೆಸರಲ್ಲಿ ಇತ್ತು. ಇದನ್ನು ಹೇಳಿದಾಗ ಅವಳು ಮಾತಾಡದೆ ಎದ್ದು ಚಾ ಮಾಡಲು ಹೋದಳು.

ಲೈಸನ್ಸ್ ವಿಷಯದಲ್ಲಿ ಇನ್ನೊಂದು ಕಡೆ ನಮ್ಮವರು ಎಡವುತ್ತಾರೆ. ಗೇರ್ ಇಲ್ಲದ ಸ್ಕೂಟರಿನ ಲೈಸನ್ಸ್ ಬೇರೆ, ಗೇರ್ ಇರುವ ಬೈಕಿನ ಲೈಸನ್ಸ್ ಬೇರೆ. ಸುಲಭ ಅಂತ ಸ್ಕೂಟರ್‌ನಲ್ಲಿ ಟೆಸ್ಟ್ ಕೊಟ್ಟು ಕಾರ್ಡ್ ತೆಗೆದುಕೊಂಡು, ಆಮೇಲೆ ಅದೇ ಕಾರ್ಡ್ ಕಿಸೆಯಲ್ಲಿಟ್ಟು ಬೈಕು ಓಡಿಸುವವರು ಎಷ್ಟೋ ಜನ ಇದ್ದಾರೆ. ಪೊಲೀಸ್ ಹಿಡಿದಾಗ ದಂಡ ಕಟ್ಟಿದರೆ ಮುಗಿಯಿತು. ಆದರೆ ಅಪಘಾತ ಆದಾಗ ವಿಮೆ ಕಂಪೆನಿಯವರು ಮೊದಲು ನೋಡುವುದೇ ಆ ಕಾರ್ಡನ್ನು. ಆದ ಕಾರಣ ಅರ್ಜಿ ಹಾಕುವಾಗಲೇ 'ಗೇರ್ ಇರುವ ಮೋಟಾರ್ ಸೈಕಲ್' ಎಂಬುದನ್ನು ಆರಿಸಬೇಕು.

ಪರಿವಾಹನ್ ಪೋರ್ಟಲ್‌ನಲ್ಲಿ ಎಲ್‌ಎಲ್‌ಗೆ ಅರ್ಜಿ ಹಾಕಿ, ರಸ್ತೆ ನಿಯಮದ ಪರೀಕ್ಷೆ ಪಾಸಾದರೆ 6 ತಿಂಗಳ ಕಲಿಕಾ ಲೈಸನ್ಸ್ ಸಿಗುತ್ತದೆ. 30 ದಿನ ಕಳೆದ ಮೇಲೆ ಪಕ್ಕಾ ಲೈಸನ್ಸಿನ ಟೆಸ್ಟಿಗೆ ಹೋಗಬಹುದು. ಅಷ್ಟರ ತನಕ ಬೈಕಿನ ಮುಂದೆ, ಹಿಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು 'ಎಲ್' ಇರಬೇಕು. ಹಿಂದೆ ಕೂರಿಸಿಕೊಳ್ಳಬಹುದಾದದ್ದು ಲೈಸನ್ಸ್ ಇರುವ, ಕಲಿಸಿಕೊಡುವವರನ್ನು ಮಾತ್ರ. ಗೆಳೆಯನನ್ನು ಅಲ್ಲ, ತಮ್ಮನನ್ನು ಅಲ್ಲ, ಉಮ್ಮನನ್ನೂ ಅಲ್ಲ. ಈ ಕೊನೆಯ ನಿಯಮವನ್ನು ನಮ್ಮಲ್ಲಿ ಪಾಲಿಸುವವರು ಕಡಿಮೆ. ಪಾಲಿಸದೆ ಇದ್ದದ್ದರ ಬೆಲೆ ನನಗೆ ಗೊತ್ತುಂಟು.

ಸಿಸಿ ಅಲ್ಲ, ತೂಕ ನೋಡಿ

ಮರು ವಾರ ಹುಡುಗನನ್ನು ಕರೆದುಕೊಂಡು ಮಂಗಳೂರಿನ ನಾಲ್ಕೈದು ಷೋರೂಂ ಸುತ್ತಿದೆ. ಒಂದೇ ಷರತ್ತು ಹಾಕಿದ್ದೆ. ಪ್ರತಿ ಬೈಕಿನ ಮೇಲೆ ಕೂರಬೇಕು, ಎರಡೂ ಪಾದ ನೆಲದಲ್ಲಿ ಊರಿ ನಿಲ್ಲಬೇಕು, ಸ್ಟ್ಯಾಂಡ್ ತೆಗೆದು ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಬೇಕು. ಚಿತ್ರದಲ್ಲಿ ಎಲ್ಲ ಬೈಕೂ ಚಂದವೇ. ಹಿಂದಕ್ಕೆ ತಳ್ಳುವಾಗ ಸತ್ಯ ಗೊತ್ತಾಗುತ್ತದೆ.

ಹುಡುಗ ಐದಡಿ ಐದಿಂಚು. ಅವನಿಗೆ 780ರಿಂದ 795 ಮಿಲಿ ಮೀಟರ್ ಎತ್ತರದ ಸೀಟು ಹಿತವಾಗಿತ್ತು. ಹೋಂಡಾ ಶೈನ್ 100 ಸುಮಾರು 99 ಕೆ.ಜಿ., ಸೀಟು 786 ಮಿ.ಮೀ. ಹೀರೋ ಸ್ಪ್ಲೆಂಡರ್ ಪ್ಲಸ್ ಸುಮಾರು 112 ಕೆ.ಜಿ., 785 ಮಿ.ಮೀ. ಶೈನ್ 125 ಸುಮಾರು 113 ಕೆ.ಜಿ., 791 ಮಿ.ಮೀ. ಟಿವಿಎಸ್ ರೈಡರ್ 125 ಸುಮಾರು 123 ಕೆ.ಜಿ., 780 ಮಿ.ಮೀ. ಬಜಾಜ್ ಪ್ಲಾಟಿನಾ 100 ಸುಮಾರು 117 ಕೆ.ಜಿ., ಆದರೆ ಸೀಟು 807 ಮಿ.ಮೀ.; ಹುಡುಗನಿಗೆ ಹಿಮ್ಮಡಿ ಸ್ವಲ್ಪ ಎದ್ದಿತು. ಒಂದು ಕುತೂಹಲಕ್ಕೆ ರಾಯಲ್ ಎನ್‌ಫೀಲ್ಡ್ ಹಂಟರ್ ಮೇಲೂ ಕೂರಿಸಿದೆ. ಅದರ ಸೀಟು 790, ಕಾಲು ಚೆನ್ನಾಗಿ ಎಟುಕಿತು. ಆದರೆ 181 ಕೆ.ಜಿ. ತೂಕ. ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳುವಾಗ ಸೇಲ್ಸ್‌ನವ ಓಡಿ ಬಂದು ಹಿಡಿಯಬೇಕಾಯಿತು. ಹುಡುಗ ನಗಾಡಿದ. ಆದರೆ ಅಂದಿನಿಂದ ತೂಕದ ವಿಷಯ ಅವನೇ ಕೇಳತೊಡಗಿದ.

ಕಲಿಯುವವ ಬೀಳುವುದು ಹೆಚ್ಚಾಗಿ ವೇಗದಲ್ಲಿ ಅಲ್ಲ. ಯೂ ಟರ್ನ್‌ನಲ್ಲಿ, ಪಾರ್ಕಿಂಗ್‌ನಲ್ಲಿ, ಮನೆಯ ಎದುರಿನ ಕೆಂಪು ಮಣ್ಣಿನ ಏರಿನಲ್ಲಿ, ಒಂದು ಕಾಲು ಜಾರಿದಾಗ. ಆಗ ಬೈಕು ಹಗುರ ಇದ್ದರೆ ಹಿಡಿದು ನಿಲ್ಲಿಸಬಹುದು. ಭಾರ ಇದ್ದರೆ ಅದರ ಅಡಿಯಲ್ಲಿ ನಾವು.

ಇನ್ನು ಶಕ್ತಿಯ ಮಾತು. ಸ್ಪ್ಲೆಂಡರ್ 1994ರಿಂದ ನಮ್ಮ ರಸ್ತೆಗಳಲ್ಲಿ ಉಂಟು. ಇಂದಿನದ್ದು 97.2 ಸಿಸಿ, ಶಕ್ತಿ ಎಂಟು ಎಚ್‌ಪಿಯ ಹತ್ತಿರ. ಮೀನಿನ ಬುಟ್ಟಿ ಕಟ್ಟಿಕೊಂಡು ಬೆಳಗ್ಗೆ ಧಕ್ಕೆಯಿಂದ ಹೊರಟು ಮಧ್ಯಾಹ್ನದೊಳಗೆ ಮೂರು ಊರು ಮುಗಿಸುವ ನಮ್ಮ ಮೀನು ವ್ಯಾಪಾರಿಗಳನ್ನು ಕೇಳಿ ನೋಡಿ, ಎಂಟು ಎಚ್‌ಪಿ ಸಾಕಾ ಬೇಡವಾ ಎಂದು. ಹೆದ್ದಾರಿಯಲ್ಲಿ ದಿನಾ ಹೋಗಿ ಬರಬೇಕಾದವರಿಗೆ 125 ಸಿಸಿ ಸ್ವಲ್ಪ ಹೆಚ್ಚು ಆರಾಮ. ಲಾರಿ, ಟಿಪ್ಪರ್ ದಾಟುವಾಗ ತಡವರಿಸುವುದಿಲ್ಲ. ಅದಕ್ಕಿಂತ ಹೆಚ್ಚಿನದ್ದು ಮೊದಲ ಬೈಕಿಗೆ ಬೇಡ. ನಾನು ಕಂಡದ್ದು ಅಷ್ಟೆ.

ಬ್ರೇಕಿನ ವಿಷಯದಲ್ಲೂ ಒಂದು ತಿಳಿವಳಿಕೆ ಬೇಕು. 125 ಸಿಸಿಗಿಂತ ಮೇಲಿನ ಬೈಕುಗಳಿಗೆ 2019ರ ಎಪ್ರಿಲ್‌ನಿಂದ ಎಬಿಎಸ್ ಕಡ್ಡಾಯ ಆಯಿತು. ಒತ್ತಿ ಹಿಡಿದರೂ ಚಕ್ರ ಲಾಕ್ ಆಗಿ ಜಾರದಂತೆ ಅದು ತಡೆಯುತ್ತದೆ. 125 ಮತ್ತು ಅದಕ್ಕಿಂತ ಕೆಳಗಿನವುಗಳಿಗೆ ಸಿಬಿಎಸ್ ಇದ್ದರೂ ಸಾಕು ಎಂದಾಯಿತು. ಅಂದರೆ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದ್ದೂ ಸ್ವಲ್ಪ ಹಿಡಿಯುತ್ತದೆ. ಆದರೆ ಸಿಬಿಎಸ್ ಚಕ್ರ ಲಾಕ್ ಆಗುವುದನ್ನು ತಡೆಯುವುದಿಲ್ಲ. ಹಳೆ ಬೈಕು ತೆಗೆದುಕೊಳ್ಳುವವರು ಅದು 2019ರ ಮೊದಲಿನದ್ದಾ ಆಮೇಲಿನದ್ದಾ ಎಂದು ನೋಡುವುದು ಒಳ್ಳೆಯದು.

ಲೋನಿನ ಲೆಕ್ಕ

ಷೋರೂಂನಲ್ಲಿ ಒಬ್ಬರು ಕಾಗದದಲ್ಲಿ ಬರೆದು ಕೊಟ್ಟರು. ಒಂದು ಲಕ್ಷ ಸಾಲ, 9 ಶೇಕಡಾ, 36 ತಿಂಗಳು. ಕಂತು 3,528 ರೂಪಾಯಿ. ಹುಡುಗನಿಗೆ ಒಂಬತ್ತು ಸಣ್ಣ ಸಂಖ್ಯೆ ಎಂದೇ ಅನ್ನಿಸಿತು. ಅಲ್ಲಿ ಒಂದು ಶಬ್ದ ಉಂಟು, 'ಫ್ಲಾಟ್'. ತಿಂಗಳು ತಿಂಗಳು ಅಸಲು ಕಡಿಮೆ ಆಗುತ್ತಾ ಬಂದರೂ ಬಡ್ಡಿಯನ್ನು ಮೂರು ವರ್ಷವೂ ಪೂರ್ತಿ ಒಂದು ಲಕ್ಷಕ್ಕೇ ಹಾಕುತ್ತಾರೆ. ಒಟ್ಟು ಬಡ್ಡಿ 27 ಸಾವಿರ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಲೆಕ್ಕದಲ್ಲಿ ನೋಡಿದರೆ ಇದು ಒಂಬತ್ತಲ್ಲ, 16 ಶೇಕಡಾವನ್ನೂ ದಾಟುತ್ತದೆ.

ಬಡ್ಡಿಯ ವ್ಯವಹಾರವೇ ಬೇಡ ಎನ್ನುವ ಮನೆಗಳು ನಮ್ಮಲ್ಲಿ ಬಹಳ. ಭಾವನೂ ಹಾಗೆಯೇ. ಲೋನ್ ವಿಷಯ ಅವರಿಗೆ ಹೇಳಿಯೇ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಅದನ್ನು ಬದಿಗಿಟ್ಟರೂ ಇನ್ನೊಂದು ಪ್ರಶ್ನೆ ಉಳಿಯಿತು: ಕಂತು ಕಟ್ಟುವವರು ಯಾರು? ಡಿಗ್ರಿ ಮೊದಲ ವರ್ಷದ ಹುಡುಗನಲ್ಲ. ಅಲ್ಲಿ 45 ಡಿಗ್ರಿ ಬಿಸಿಲಲ್ಲಿ ನಿಂತವರು.

ಪೆಟ್ರೋಲಿನ ಲೆಕ್ಕವನ್ನು ಹುಡುಗನಿಂದಲೇ ಮಾಡಿಸಿದೆ. ಕಾಲೇಜಿಗೆ ಹೋಗಿ ಬರಲು ದಿನಕ್ಕೆ 40 ಕಿ.ಮೀ. ತಿಂಗಳಿಗೆ 25 ದಿನ ಎಂದರೆ ಸಾವಿರ ಕಿ.ಮೀ. ಲೀಟರಿಗೆ 55 ಕೊಡುವ ಬೈಕಾದರೆ ಸುಮಾರು 18 ಲೀಟರ್, 35 ಕೊಡುವುದಾದರೆ 28 ಲೀಟರಿಗೂ ಮಿಕ್ಕಿ. ಲೀಟರಿಗೆ ನೂರು ದಾಟಿದ ಕಾಲದಲ್ಲಿ ತಿಂಗಳಿಗೆ ಸಾವಿರ ರೂಪಾಯಿಯ ವ್ಯತ್ಯಾಸ. ವಿಮೆಯಲ್ಲೂ ಹಾಗೆಯೇ. 2022ರಲ್ಲಿ ನಿಗದಿಯಾದ ದರದಂತೆ 75ರಿಂದ 150 ಸಿಸಿಯ ಬೈಕಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 714 ರೂ., 150 ದಾಟಿ 350ರ ತನಕ 1,366 ರೂ. ತೆರಿಗೆ ಬೇರೆ.

ಹೊಸದೇ ಬೇಕೆನ್ನುವವರಿಗೆ ಒಂದು ಒಳ್ಳೆಯ ಸಂಗತಿ ಉಂಟು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಬೈಕುಗಳ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದಿದೆ. ಆದರೆ ಷೋರೂಂ ಬೆಲೆ ಬೇರೆ, ರಸ್ತೆಗಿಳಿಯುವ ಬೆಲೆ ಬೇರೆ. ಆಜೀವ ತೆರಿಗೆ, ನೋಂದಣಿ, ಹೊಸ ಬೈಕಿಗೆ ಒಟ್ಟಿಗೇ ಕಟ್ಟಬೇಕಾದ 5 ವರ್ಷದ ಥರ್ಡ್ ಪಾರ್ಟಿ ವಿಮೆ ಎಲ್ಲ ಸೇರುತ್ತದೆ. 'ಹ್ಯಾಂಡ್ಲಿಂಗ್', 'ಆಕ್ಸೆಸರೀಸ್' ಎಂದು ಸೇರಿಸಿದ್ದರೆ ಅದು ಎಂತದು ಎಂದು ಕೇಳಲು ನಾಚಿಕೆ ಬೇಡ. ಹೊಸ ಬೈಕಿನ ಜೊತೆ ಹೆಲ್ಮೆಟ್ ಕೊಡಬೇಕೆಂಬುದು ನಿಯಮದಲ್ಲೇ ಉಂಟು. ಅದನ್ನೂ ಕೇಳಿ.

ಹಳೆ ಬೈಕು, ಹೊಸ ಕಣ್ಣು

75 ಸಾವಿರ ಕೈಯಲ್ಲಿ ಹಿಡಿದುಕೊಂಡು ನಾವು ಕೊನೆಗೆ ಸೆಕೆಂಡ್ ಹ್ಯಾಂಡ್‌ಗೆ ಬಂದೆವು. ಕಲಿಯುವವನ ಬೈಕು ಒಮ್ಮೆಯಾದರೂ ಬೀಳುತ್ತದೆ. ಹೊಸ ಬೈಕಿಗೆ ಗೀರು ಬಿದ್ದರೆ ಮನೆಯಲ್ಲಿ ಮರಣದ ಸೂತಕ. ಹಳೆಯದ್ದಕ್ಕೆ ಬಿದ್ದರೆ "ಹೋಗ್ಲಿ ಮಾರಾಯ" ಎಂದು ಮುಂದೆ ಹೋಗಬಹುದು.

ಐದು ಬೈಕು ನೋಡಿದೆವು. ಮೊದಲನೆಯದ್ದು ತುಂಬಾ ಅಗ್ಗ. ಆರ್‌ಸಿ ನೋಡಿದರೆ ಸಾಲದ ನಮೂದು ಹಾಗೆಯೇ ಉಂಟು. ಸಾಲ ತೀರಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು. ಸಾಲ ಕೊಟ್ಟವರ ಎನ್‌ಒಸಿ ಮತ್ತು ಫಾರ್ಮ್ 35 ಬೇಕು. ಎರಡನೆಯದ್ದು ಕಾಸರಗೋಡಿನ ನಂಬರ್. ಬೆಲೆ ಕಡಿಮೆ, ಬೈಕೂ ಚೊಕ್ಕ. ಆದರೆ ಕೆಎಲ್ 14ರ ಬೈಕನ್ನು ಇಲ್ಲಿಯೇ ಇಟ್ಟುಕೊಂಡು ಓಡಿಸುವುದಾದರೆ ಅಲ್ಲಿಯ ಆರ್‌ಟಿಒದ ಎನ್‌ಒಸಿ, ಇಲ್ಲಿಯ ತೆರಿಗೆ, 12 ತಿಂಗಳ ಒಳಗೆ ಇಲ್ಲಿಯ ನೋಂದಣಿ ಎಲ್ಲ ಆಗಬೇಕು. ಕಡಿಮೆಗೆ ಸಿಕ್ಕಿದ ಐದಾರು ಸಾವಿರ ಅಲ್ಲಿಗೇ ಹೋಗುತ್ತದೆ. ಮೂರನೆಯದ್ದರ ಸೈಲೆನ್ಸರಿನಿಂದ ನೀಲಿ ಹೊಗೆ. ಇಂಜಿನ್ ಆಯಿಲ್ ಕುಡಿಯುತ್ತಿತ್ತು. ನಾಲ್ಕನೆಯದ್ದರ ಹ್ಯಾಂಡಲ್ ನೇರ ಹಿಡಿದರೂ ಚಕ್ರ ಒಂದು ಬದಿಗೆ. ಎಲ್ಲಿಯೋ ಬಡಿದು ಫೋರ್ಕ್ ಬಗ್ಗಿದ ಬೈಕು ಅದು. ಬಣ್ಣ ಮಾತ್ರ ಫಳಫಳ.

ಐದನೆಯದ್ದು ನಾಲ್ಕು ವರ್ಷ ಹಳೆಯ 125 ಸಿಸಿ. ಒಬ್ಬ ಟೀಚರ್ ಶಾಲೆಗೆ ಹೋಗಿ ಬರಲು ಮಾತ್ರ ಓಡಿಸಿದ್ದು. ಮೆಕ್ಯಾನಿಕ್ ಹೇಳಿದಂತೆ ಬೆಳಗ್ಗೆ ಬೇಗನೇ ಹೋದೆವು. ಮೊದಲೇ ಬಿಸಿ ಮಾಡಿಟ್ಟ ಇಂಜಿನ್ ಎಲ್ಲವನ್ನೂ ಮುಚ್ಚಿಡುತ್ತದೆ. ತಣ್ಣಗಿರುವಾಗ ಒಂದೇ ಸಲಕ್ಕೆ ಶುರುವಾದರೆ ಒಳ್ಳೆಯ ಲಕ್ಷಣ. ಅವರು ತೋರಿಸಿಕೊಟ್ಟ ಉಳಿದ ಸಂಗತಿಗಳು ಇವು: ಮುಂದಿನ ಫೋರ್ಕಿನಲ್ಲಿ ಎಣ್ಣೆಯ ಪಸೆ ಇರಬಾರದು. ಚೈನನ್ನು ಹಿಂದಿನ ಪಲ್ಲೆಯಿಂದ ಹಿಂದಕ್ಕೆ ಎಳೆದರೆ ಮೇಲೆದ್ದು ಬರಬಾರದು. ಆರ್‌ಸಿಯ ಚಾಸಿಸ್ ನಂಬರ್ ಮತ್ತು ಬೈಕಿನಲ್ಲಿ ಕೊರೆದ ನಂಬರ್ ಒಂದೇ ಇರಬೇಕು. ಟಯರಿನ ಬದಿಯಲ್ಲಿ ನಾಲ್ಕು ಅಂಕೆ ಇರುತ್ತದೆ; ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 1521 ಎಂದರೆ 2021ರ 15ನೇ ವಾರದ್ದು. ಹೂವು ಸವೆಯದಿದ್ದರೂ ಹಳೆಯ ರಬ್ಬರ್ ಗಟ್ಟಿಯಾಗಿ ಮಳೆಗೆ ಹಿಡಿಯುವುದಿಲ್ಲ. ಮತ್ತೆ ನಮ್ಮ ಕರಾವಳಿಯದ್ದೇ ಒಂದು ಕಾಯಿಲೆ, ತುಕ್ಕು. ಕಡಲ ಬದಿಯಲ್ಲಿ ನಿಲ್ಲಿಸಿದ ಬೈಕಿನ ಸೈಲೆನ್ಸರ್ ಅಡಿ, ಸ್ಟ್ಯಾಂಡಿನ ಬುಡ, ಹಿಂದಿನ ಫ್ರೇಮ್ ಕೂತು ಬಗ್ಗಿ ನೋಡಬೇಕು.

ಬೈಕಿನ ಮೇಲೆ ಬಾಕಿ ಇರುವ ದಂಡಗಳನ್ನೂ ಪರಿವಾಹನ್‌ನಲ್ಲಿ ನೋಡಿದೆವು. ವ್ಯಾಪಾರ ಕುದುರಿದ ಮೇಲೆ ಫಾರ್ಮ್ 29, ಫಾರ್ಮ್ 30 ಸಹಿ. ಇಲ್ಲಿ ನಮ್ಮಲ್ಲಿ ಒಂದು ಕೆಟ್ಟ ಅಭ್ಯಾಸ ಉಂಟು. ಸಂಬಂಧಿಕರಿಂದ, ಗುರ್ತದವರಿಂದ ಬೈಕು ತೆಗೆದುಕೊಂಡರೆ ಹೆಸರು ಬದಲಿಸುವುದಿಲ್ಲ. "ನಮ್ಮವರೇ ಅಲ್ವಾ" ಎಂದು ವರ್ಷಗಟ್ಟಲೆ ಬಿಡುತ್ತಾರೆ. ಆರ್‌ಸಿ ಅವರದ್ದು, ವಿಮೆ ಅವರದ್ದು, ಬಿದ್ದವರು ನಾವು. ನಂಬಿ ಕೊಟ್ಟವರು ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಆರ್‌ಸಿ ಮತ್ತು ವಿಮೆ ಎರಡೂ ಹೊಸ ಮಾಲಕರ ಹೆಸರಿಗೆ ಆಗಬೇಕು. ವಿಮೆಗೆ 14 ದಿನದೊಳಗೆ ಅರ್ಜಿ ಕೊಡಬೇಕು.

ಬಲಗಾಲಿನ ಕತೆ

ಬೈಕು ಮನೆಗೆ ತರುವ ಮೊದಲು ಹುಡುಗನನ್ನು ನನ್ನ ಒಬ್ಬ ಗೆಳೆಯನ ಅಂಗಡಿಗೆ ಕರೆದುಕೊಂಡು ಹೋದೆ. ಜಿನಸಿನ ಅಂಗಡಿ. ಹುಡುಗ ಚಿಕ್ಕಂದಿನಿಂದ ಅಲ್ಲಿ ಸಾಮಾನು ತಂದವನೇ. ಅಂಗಡಿಯವರು ಕುಂಟುತ್ತಾರೆ ಎಂದು ಅವನಿಗೆ ಗೊತ್ತು. ಯಾಕೆ ಎಂದು ಗೊತ್ತಿಲ್ಲ.

ಇಪ್ಪತ್ತೆರಡು ವರ್ಷ ಹಿಂದೆ, ಜುಲೈ ತಿಂಗಳು. ಸಂಬಂಧಿಕರೊಬ್ಬರು ರಜೆಯಲ್ಲಿ ಬಂದು ಹೋಗುವಾಗ ಬೈಕು ನಮ್ಮ ಮನೆಯಲ್ಲಿ ಬಿಟ್ಟಿದ್ದರು. ನನಗೆ ದೊಡ್ಡದು, ಭಾರ. ಲೈಸನ್ಸ್ ಇರಲಿಲ್ಲ. ಓಡಿಸಲು ಬರುತ್ತದೆ ಎಂದುಕೊಂಡಿದ್ದೆ. ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಸಣ್ಣ ಮಳೆಗೆ ಇಳಿಜಾರಿನಲ್ಲಿ ಬರುತ್ತಿದ್ದೆ. ತಿರುವಿನಲ್ಲಿ ಒಂದು ರಿಕ್ಷಾ ಅಡ್ಡ ಬಂತು. ಹೆದರಿ ಮುಂದಿನ ಬ್ರೇಕನ್ನು ಪೂರ್ತಿ ಒತ್ತಿಬಿಟ್ಟೆ. ಅಷ್ಟೇ ನೆನಪು. ನನ್ನ ಕಾಲಿಗೆ ರಾಡ್ ಹಾಕಿದರು. ಅವನ ಮೊಣಗಂಟು ಮೂರು ಆಪರೇಶನ್ ಆದರೂ ಸರಿ ಆಗಲಿಲ್ಲ. ಹೆಲ್ಮೆಟ್ ಇಬ್ಬರಿಗೂ ಇರಲಿಲ್ಲ. ತಲೆ ಉಳಿದದ್ದು ಅಲ್ಲಾಹನ ಕೃಪೆ.

ಲೈಸನ್ಸ್ ಇಲ್ಲದವ ಓಡಿಸಿದ್ದು. ಕೇಸು ಹಾಕಿದ್ದರೆ ವಿಮೆಯವರು ಮೊದಲು ಕೊಟ್ಟರೂ ಆಮೇಲೆ ಬೈಕಿನ ಮಾಲಕರಿಂದ ವಸೂಲು ಮಾಡುತ್ತಿದ್ದರು. ಗೆಳೆಯನ ಉಪ್ಪ ಕೇಸು ಹಾಕಲಿಲ್ಲ. "ನಾಳೆಯೂ ಮುಖ ಮುಖ ನೋಡ್ಬೇಕಲ್ವಾ" ಎಂದು ಹೇಳಿ ಹೋದರು. ಆಸ್ಪತ್ರೆಯ ಬಿಲ್ಲು ಎರಡು ಮನೆಯದ್ದೂ ನಮ್ಮ ಮನೆಯಿಂದಲೇ ಹೋಯಿತು. ಹೋದದ್ದು ತಂಗಿಯ ಮದುವೆಗೆಂದು ಉಮ್ಮ ಒಟ್ಟು ಮಾಡಿಟ್ಟಿದ್ದ ಚಿನ್ನ. ಮದುವೆ ಒಂದು ವರ್ಷ ಮುಂದೆ ಹೋಯಿತು. ತಂಗಿ ಇವತ್ತಿನ ತನಕ ಒಂದು ಮಾತು ಆಡಿದವಳಲ್ಲ.

ಇದೆಲ್ಲವನ್ನೂ ಹುಡುಗನಿಗೆ ಹೇಳಿದೆ. ಗೆಳೆಯ ಗಲ್ಲದಲ್ಲಿ ಕೂತು ಕೇಳುತ್ತಾ ಇದ್ದ. ಕೊನೆಗೆ ಹುಡುಗನಲ್ಲಿ, "ಬೈಕಿನದ್ದು ತಪ್ಪಿಲ್ಲ ಮೋನು. ಆ ಬೈಕಿನಲ್ಲಿ ಕೂರ್ಲಿಕ್ಕೆ ನಮಗಿಬ್ಬರಿಗೂ ಹಕ್ಕು ಇರ್ಲಿಲ್ಲ" ಎಂದ. ಹುಡುಗ ಏನೂ ಹೇಳಲಿಲ್ಲ. ಮನೆಗೆ ಬಂದು ಮೊಬೈಲಿನಲ್ಲಿದ್ದ ಆ 200 ಸಿಸಿಯ ಚಿತ್ರ ತೆಗೆದ ಎಂದು ತಂಗಿ ಆಮೇಲೆ ಹೇಳಿದಳು.

75 ಸಾವಿರ ಹೋದ ದಾರಿ

ಬೈಕಿಗೆ 52 ಸಾವಿರ. ಹೆಸರು ಬದಲಾವಣೆ, ವಿಮೆಗೆ ಎರಡೂವರೆ ಸಾವಿರ. ಎರಡು ಹೊಸ ಟಯರ್, ಬ್ರೇಕ್ ಶೂ, ಚೈನ್ ಸೆಟ್, ಆಯಿಲ್ ಸರ್ವೀಸಿಗೆ ಆರೂವರೆ ಸಾವಿರ. ಎರಡು ಹೆಲ್ಮೆಟಿಗೆ 3,600. ರೈನ್‌ಕೋಟ್, ಗ್ಲೌಸ್, ಗಂಟು ಮುಚ್ಚುವ ಶೂಗೆ 3 ಸಾವಿರ. ಲೈಸನ್ಸ್ ಮತ್ತು ಕಲಿಕೆಗೆ 3,400. ಒಟ್ಟು 71 ಸಾವಿರ. ಉಳಿದ ನಾಲ್ಕು ಸಾವಿರ ತಂಗಿಯ ಕಪಾಟಿನಲ್ಲಿ, ಪಂಕ್ಚರಿಗೆ, ಮುಂದಿನ ಸರ್ವೀಸಿಗೆ.

ಹೆಲ್ಮೆಟಿನಲ್ಲಿ ಉಳಿತಾಯ ಮಾಡುವುದು ಬೇಡ. 2021ರ ಜೂನ್‌ನಿಂದ ಐಎಸ್ಐ ಗುರುತು ಇಲ್ಲದ ಹೆಲ್ಮೆಟ್ ಮಾರುವಂತೆಯೇ ಇಲ್ಲ. ಐಎಸ್ 4151 ಎಂದು ಬರೆದಿರಬೇಕು. ಗಲ್ಲ ಮುಚ್ಚುವ, ತಲೆ ಅಲ್ಲಾಡಿಸಿದರೆ ತಿರುಗದ ಅಳತೆ. ಒಮ್ಮೆ ಗಟ್ಟಿ ಪೆಟ್ಟು ಬಿದ್ದದ್ದನ್ನು ಮತ್ತೆ ಬಳಸಬಾರದು. ಜುಮಾಕ್ಕೆ ಹೋಗುವಾಗ ಟೊಪ್ಪಿ ಇಟ್ಟುಕೊಂಡು, ಹೆಲ್ಮೆಟನ್ನು ಕನ್ನಡಿಗೆ ತೂಗು ಹಾಕಿ ಹೋಗುವವರನ್ನು ವಾರ ವಾರ ನೋಡುತ್ತೇವೆ. ಟೊಪ್ಪಿ ಕಿಸೆಯಲ್ಲಿ ಹಿಡಿಯುತ್ತದೆ. ಹೆಲ್ಮೆಟ್ ಹಿಡಿಯುವುದಿಲ್ಲ.

ಮನೆಯ ಹೆಂಗಸರು ಹಿಂದೆ ಕೂರುವ ಬೈಕಾದರೆ ಇನ್ನೊಂದು ನೋಡಬೇಕು. ಹಿಂದಿನ ಚಕ್ರದ ಅರ್ಧವಾದರೂ ಮುಚ್ಚುವ ಗಾರ್ಡ್, ಹಿಡಿಯಲು ಹಿಡಿಕೆ, ಕಾಲಿಡಲು ಜಾಗ ಈ ಮೂರೂ ಕಾನೂನಿನಲ್ಲೇ ಉಂಟು. ಚಂದಕ್ಕೆಂದು ಹುಡುಗರು ಮೊದಲು ಕಳಚುವುದೇ ಆ ಗಾರ್ಡನ್ನು. ಬುರ್ಖಾದ ಅಂಚು, ಶಾಲು ಚಕ್ರಕ್ಕೆ ಸಿಕ್ಕಿ ಬಿದ್ದವರ ಸುದ್ದಿ ನಾವು ಕೇಳದ್ದಲ್ಲ. ಕೂರುವ ಮೊದಲು ಅಂಚನ್ನು ಒಟ್ಟು ಮಾಡಿ ಕಾಲಿನಡಿಗೆ ಸಿಕ್ಕಿಸಿಕೊಳ್ಳಬೇಕು. ಓಡಿಸುವವ ತಿರುಗಿ ನೋಡಿ ಆಮೇಲೆಯೇ ಗೇರ್ ಹಾಕಬೇಕು.

ಮೊದಲ ತಿಂಗಳು

ಒಂದು ತಿಂಗಳು ಬೆಳಗ್ಗೆ ಸುಬ್‌ಹಿ ಕಳೆದು ಮೈದಾನ. ಕ್ಲಚ್ ಅರ್ಧ ಹಿಡಿದು ನಡೆಯುವ ವೇಗದಲ್ಲಿ ನೇರ ಹೋಗುವುದು, ಎಂಟು ಹಾಕುವುದು, 30ರ ವೇಗದಲ್ಲಿ ಎರಡೂ ಬ್ರೇಕ್ ಒಟ್ಟಿಗೆ ಹಿಂಡಿ ನಿಲ್ಲಿಸುವುದು. ಮುಂದಿನ ಬ್ರೇಕಿಗೆ ಹೆದರಬಾರದು, ಬೈಕನ್ನು ನಿಲ್ಲಿಸುವುದು ಹೆಚ್ಚಾಗಿ ಅದೇ. ಆದರೆ ಒತ್ತುವುದಲ್ಲ, ಹಿಂಡುವುದು. ನಿಂಬೆ ಹಣ್ಣು ಹಿಂಡಿದ ಹಾಗೆ. ನನಗೆ ಇದನ್ನು ಯಾರೂ ಕಲಿಸಿರಲಿಲ್ಲ.

ಆಮೇಲೆ ಒಳ ರಸ್ತೆ. ಹೆದ್ದಾರಿ, ರಾತ್ರಿ, ಮಳೆ ಈ ಮೂರನ್ನೂ ಒಟ್ಟಿಗೆ ಕಲಿಯಬಾರದು ಎಂದು ಮೊದಲೇ ಮಾತಾಗಿತ್ತು. ಒಂದೊಂದಾಗಿ. ಮೊದಲ ಮಳೆಗೆ ರಸ್ತೆಯ ಎಣ್ಣೆ ಮೇಲೆದ್ದು ಬರುತ್ತದೆ. ಕಾಂಕ್ರೀಟ್ ರಸ್ತೆಯ ಅಂಚಿನಿಂದ ಮಣ್ಣಿಗೆ ಇಳಿಯುವ ಕಡೆ ಅರ್ಧ ಅಡಿ ತಗ್ಗು ಇರುತ್ತದೆ. ಹೆದ್ದಾರಿ 66ರಲ್ಲಿ ಮೀನು ಲಾರಿಯ ನೀರು ಚೆಲ್ಲಿದ ಕಡೆ ಒಣಗಿದಂತೆ ಕಂಡರೂ ಜಾರುತ್ತದೆ. ಅಲ್ಲಿ ಬ್ರೇಕ್ ಬೇಡ, ತಿರುಗಿಸುವುದೂ ಬೇಡ, ವೇಗ ಇಳಿಸಿ ನೇರ ಹೋಗಬೇಕು. 60ರ ವೇಗದಲ್ಲಿ ಒಂದು ಸೆಕೆಂಡಿಗೆ ಬೈಕು 16 ಮೀಟರಿಗೂ ಮಿಕ್ಕಿ ಓಡುತ್ತದೆ, 40ರಲ್ಲಿ 11 ಮೀಟರ್. ಬಸ್ಸಿನ ಹಿಂದೆ ಅಂಟಿಕೊಂಡು ಹೋಗುವಾಗ ಈ ಲೆಕ್ಕ ನೆನಪಿರಲಿ.

ಮೊದಲ ವಾರದಲ್ಲೇ ಬೈಕು ಒಮ್ಮೆ ಬಿತ್ತು. ಮನೆಯ ಗೇಟಿನ ಎದುರು, ನಿಂತಲ್ಲೇ. ಕನ್ನಡಿ ಒಡೆಯಿತು. ಹುಡುಗನೇ ಎತ್ತಿ ನಿಲ್ಲಿಸಿದ. 113 ಕೆ.ಜಿ. ಅವನಿಗೆ ಎತ್ತಲು ಸಾಧ್ಯ ಆಯಿತು. ಕಪಾಟಿನ ದುಡ್ಡಿನಿಂದ 150 ರೂಪಾಯಿ ಖರ್ಚು.

ಟೆಸ್ಟ್ ಎರಡನೆಯ ಸಲಕ್ಕೆ ಪಾಸಾಯಿತು. ಮೊದಲ ಸಲ ಕಾಲು ನೆಲಕ್ಕೆ ಊರಿದ್ದಕ್ಕೆ ಫೇಲ್. ಕಾರ್ಡು ಕೈಗೆ ಬಂದ ದಿನ ಎಲ್ ಬೋರ್ಡ್ ತೆಗೆದು, ಹಿಂದಿನ ಸೀಟಿನಲ್ಲಿ ಮೊದಲು ಕೂರಿಸಿದ್ದು ಉಮ್ಮನನ್ನು. ತಂಗಿಗೆ ಹೆಲ್ಮೆಟಿನ ಬಕ್ಕಲ್ ಹಾಕಲು ಬರಲಿಲ್ಲ. ಹುಡುಗ ಹಾಕಿ ಕೊಟ್ಟ. ಸೌದಿಯಿಂದ ವಿಡಿಯೋದಲ್ಲಿ ಭಾವ ನೋಡುತ್ತಾ ಇದ್ದರು. "ಮೆಲ್ಲ ಹೋಗು" ಎಂದು ಎರಡು ಸಲ ಹೇಳಿದರು.

ತೊಕ್ಕೊಟ್ಟಿಗೆ ಹೋಗಿ ಬರಲು ಅರ್ಧ ಗಂಟೆಯ ದಾರಿ. ನಾನು ಮನೆಯಲ್ಲಿ ಗಡಿಯಾರ ನೋಡುತ್ತಾ ಕೂತಿದ್ದೆ. ಇಪ್ಪತ್ತು ನಿಮಿಷ ಕಳೆದ ಮೇಲೆ ತಂಗಿಯ ಮೆಸೇಜ್ ಬಂತು. ಒಂದೇ ಶಬ್ದ: "ಮುಟ್ಟಿದೆವು."